ಸದ್ದಿಲ್ಲದೆ ಬಂದ ಕಾರು

ಬೀರುವಿನ ಬಾಗಿಲು ತೆರೆದಿತ್ತು. ಒಡವೆ ಡಬ್ಬಿ ಖಾಲಿ. ಸೊಸೆ ಅದನ್ನು ಬೋರಲು ಹಾಕಿ ಅಲ್ಲಾಡಿಸಿದಳು, ಎಲ್ಲೋ ಮೂಲೆಯಲ್ಲಿ ಅಂಟಿಕೊಂಡಿರಬಹುದು ಎಂಬಂತೆ. ಆಮೇಲೆ ನೆಲದ ಮೇಲೆ ಕುಳಿತುಬಿಟ್ಟಳು.

ತಾಯಿ ಸಾಯುವ ಮೊದಲು ಕೊಟ್ಟ ಬಳೆ, ಸರ. ಅವನ್ನು ಮಾರಿ ಒಂದು ಹೊಲಿಗೆ ಅಂಗಡಿ ಹಾಕಬೇಕೆಂದಿದ್ದಳು. ಅವಳ ಕೈಯಲ್ಲಿ ಬೇರೇನೂ ಇರಲಿಲ್ಲ.

ಇನ್ಸ್‌ಪೆಕ್ಟರ್ ಬಂದಳು. ಬೀಗ ಒಡೆದಿರಲಿಲ್ಲ. ಬೀರುವಿನ ಕೀಲಿ ಇರುವುದು ಅತ್ತೆಯ ಕೊರಳಿನ ದಾರದಲ್ಲಿ. ಅತ್ತೆಗೆ ಲಕ್ವ ಹೊಡೆದು ಮಾತು ನಿಂತಿದೆ, ಕೈಕಾಲು ಆಡುವುದಿಲ್ಲ. ಅವರ ಹತ್ತಿರ ಸದಾ ಇರುವವಳು ನರ್ಸ್.

"ಅಮ್ಮನ ರೂಮಿಗೆ ನಾನು ಕಾಲಿಡಲ್ಲ ಮೇಡಂ," ಎಂದ ಗಂಡ. "ಆ ವಾಸನೆ ನಂಗಾಗಲ್ಲ. ಬೇಕಾದ್ರೆ ಈ ನರ್ಸ್‌ನೇ ಕೇಳಿ."

ಇನ್ಸ್‌ಪೆಕ್ಟರ್ ನರ್ಸ್ ಕಡೆ ತಿರುಗಿದಳು. "ನಿನ್ನೆ ಮಧ್ಯಾಹ್ನ ನೀನು ಮನೇಲಿರ್ಲಿಲ್ವಂತೆ. ಎಲ್ಲಿಗೆ ಹೋಗಿದ್ದೆ?"

ನರ್ಸ್ ಸೊಸೆಯ ಮುಖ ನೋಡಿದಳು. ಸೊಸೆ ನೆಲ ನೋಡಿದಳು.

"ಹೀಗೇ, ಹೊರಗಡೆ."

"ಹೊರಗಡೆ ಅಂದ್ರೆ?"

ಅವಳ ಪೆಟ್ಟಿಗೆ ಹುಡುಕಿದರು. ಎರಡು ಸೀರೆ, ಒಂದು ಬಾಚಣಿಗೆ. ಆದರೂ ನರ್ಸನ್ನು ಜೀಪು ಹತ್ತಿಸಿದರು. ಬಾಯಿ ಬಿಡದವಳನ್ನು ಬಿಟ್ಟುಹೋಗಲು ಇನ್ಸ್‌ಪೆಕ್ಟರಿಗೆ ಕಾರಣ ಸಿಗಲಿಲ್ಲ.

ಹೊರಡುವ ಮೊದಲು ಅವಳು ಅತ್ತೆಯ ಮಂಚದ ಪಕ್ಕ ಬಗ್ಗಿದಳು. "ಅಮ್ಮಾ, ಕೀಲಿ ತಗೊಂಡವರನ್ನ ನೋಡಿದ್ರಾ?"

ಅತ್ತೆ ಕಣ್ಣು ಮುಚ್ಚಿದರು. ಇನ್ಸ್‌ಪೆಕ್ಟರ್ ಆಚೆ ಹೋಗುವವರೆಗೂ ತೆರೆಯಲಿಲ್ಲ.

*

ಮುಚ್ಚಿದ ಆ ಕಣ್ಣು ಇನ್ಸ್‌ಪೆಕ್ಟರಿಗೆ ನೆಮ್ಮದಿ ಕೊಡಲಿಲ್ಲ. ಮೂರು ದಿನ ಬಿಟ್ಟು ಮತ್ತೆ ಆ ಬೀದಿಗೆ ಬಂದಳು. ಎದುರುಮನೆ ಅಜ್ಜ ಗೇಟಿಗೆ ಒರಗಿ ನಿಂತಿದ್ದರು. ಆ ಗಂಡನ ಕಾರಿನ ಗಲಾಟೆಯ ಬಗ್ಗೆ ಹಿಂದೊಮ್ಮೆ ಠಾಣೆಗೆ ದೂರು ಕೊಟ್ಟವರು.

"ಈಗ ಹೇಗಿದೆ ಅಜ್ಜಾ, ಗಲಾಟೆ?"

"ಅಯ್ಯೋ, ಸ್ವರ್ಗ! ಮೊದಲು ಅವನ ಕಾರು ಬಂದ್ರೆ ನನ್ನ ಹಲ್ಲಿನ ಸೆಟ್ಟು ಲೋಟದಲ್ಲೇ ಕುಣೀತಿತ್ತು. ಈಗ ಹಾಡು ಕೇಳ್ಸುತ್ತೆ, ಆ ಗುಡುಗು ಇಲ್ಲ. ಕಳ್ಳತನ ಆದ ದಿನದಿಂದ್ಲೇ. ಕಳ್ಳಿ ಅದನ್ನೂ ಕದ್ದಳೋ ಏನೋ!"

ಅಜ್ಜ ತಮ್ಮ ಮಾತಿಗೆ ತಾವೇ ನಕ್ಕರು. ಇನ್ಸ್‌ಪೆಕ್ಟರ್ ನಗಲಿಲ್ಲ.

ಒಳಗೆ ಸೊಸೆ ಅತ್ತೆಯ ಬಟ್ಟೆ ಹಿಂಡುತ್ತಿದ್ದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ಕಾರಿನ ಹಾಡಲ್ಲಿ ಬೇಸ್, ಆ ಗುಡುಗು, ಕಮ್ಮಿಯಾಗಿದ್ಯಂತೆ?"

ಅವಳಿಗೆ ಆಶ್ಚರ್ಯವಾಯಿತು. "ಹೌದು ಮೇಡಂ. ಅವರ ಹುಟ್ಟುಹಬ್ಬ ಬಂತಲ್ಲ, ಸರಿ ಮಾಡಿಸ್ಕೊಡ್ತೀನಿ ಅಂದೆ. ಗದರಿಬಿಟ್ರು. ಅದನ್ನ ಯಾರೂ ಮುಟ್ಟಬಾರದಂತೆ."

"ಮೊದಲೂ ಹೀಗೇನಾ?"

"ಎಲ್ಲಿ! ಸಣ್ಣದೊಂದು ಕರಕರ ಬಂದ್ರೂ ಊಟ ಬಿಟ್ಟು ಸ್ಪೀಕರ್ ಅಂಗಡಿಗೆ ಓಡೋರು. ನಂಗೆ ಜ್ವರ ಬಂದಾಗ್ಲೂ ಅಷ್ಟು ಓಡಿಲ್ಲ."

ಹೇಳಿದ ಮೇಲೆ ನಾಚಿಕೊಂಡಳು. ತಮಾಷೆ ಎಂದುಕೊಂಡು ಹೇಳಿದ್ದು ತಮಾಷೆಯಾಗಿ ಉಳಿದಿರಲಿಲ್ಲ.

"ಕಾರು ಎಲ್ಲಿ?"

"ಹಿಂದೆ ನಿಂತಿದೆ. ಅವರು ಇವತ್ತು ಆಫೀಸಿನ ಗಾಡೀಲಿ ಹೋದ್ರು."

"ಕೀ ತಗೊಳ್ಳಿ. ಎದುರುಮನೆ ಅಜ್ಜನ ಸೊಸೇನ ಕರೀರಿ, ನಿಮ್ಮತ್ತೆ ಹತ್ರ ಕೂತಿರ್ಲಿ. ಹುಟ್ಟುಹಬ್ಬದ ಕೆಲಸ ಮುಗಿಸೋಣ."

*

ಸ್ಪೀಕರ್ ಅಂಗಡಿಯವನು ಕಾರೊಳಗೆ ಕುಳಿತು ಹಾಡು ಹಾಕಿದ. ಗಾಯಕಿಯ ದನಿ ನೀಟಾಗಿತ್ತು. ತಬಲಾ ಮಾತ್ರ ರಟ್ಟಿನ ಡಬ್ಬ ಬಡಿದಂತೆ. ಬೇಸ್ ತಿರುಗುಗುಂಡಿ ಪೂರ್ತಿ ತಿರುಗಿಸಿದ. ವ್ಯತ್ಯಾಸವಿಲ್ಲ. ಫ್ಯೂಸ್ ಸರಿ, ಆಂಪ್ಲಿಫೈಯರ್ ಸರಿ. ಡಿಕ್ಕಿ ತೆರೆದ. ಅಲ್ಲಿ ಅಗಲವಾದ ಮರದ ಪೆಟ್ಟಿಗೆ, ಅದರಲ್ಲಿ ಅಕ್ಕಪಕ್ಕ ಎರಡು ದೊಡ್ಡ ವೂಫರ್, ಗುಡುಗು ಹೊರಡಿಸುವ ಸ್ಪೀಕರ್‌ಗಳು.

"ಒಂದರ ವೈರು ತೆಗೆದು ನೋಡ್ತೀನಿ," ಎಂದ. ತೆಗೆದ. ಕಾರು ಗುಡುಗಿತು.

"ಇದೇನಪ್ಪಾ, ಒಂದನ್ನ ಕಿತ್ತರೆ ಜೋರಾಯ್ತು?"

"ಪ್ಲಸ್ ಮೈನಸ್ ಅದಲುಬದಲಾಗಿದೆ ಮೇಡಂ. ಒಂದು ಗಾಳೀನ ಮುಂದಕ್ಕೆ ತಳ್ಳೋವಾಗ ಇನ್ನೊಂದು ಹಿಂದಕ್ಕೆ ಎಳೀತಿದೆ. ಎರಡೂ ದುಡೀತಾವೆ, ಒಂದರ ಬೇಸನ್ನ ಇನ್ನೊಂದು ತಿಂದುಹಾಕುತ್ತೆ. ಯಾರೋ ಬಿಚ್ಚಿ ಅವಸರದಲ್ಲಿ ಉಲ್ಟಾ ಸಿಕ್ಸಿದಾರೆ."

ಸೊಸೆ ಅದನ್ನು ಕೇಳುತ್ತ ಆ ಎರಡು ವೂಫರ್‌ಗಳನ್ನು ನೋಡಿದಳು. ಎರಡೂ ದುಡಿಯುತ್ತಿದ್ದರೂ ಏನೂ ಕೇಳಿಸದ ಮನೆಯಲ್ಲಿ ಅವಳು ಹನ್ನೊಂದು ವರ್ಷ ಇದ್ದಳು.

"ಬಿಚ್ಚಿ," ಎಂದಳು ಇನ್ಸ್‌ಪೆಕ್ಟರ್.

ವೂಫರ್ ಹೊರಬಂತು. ಒಳಗಿನ ಹತ್ತಿಯ ಹಿಂದೆ ಕೈ ಹಾಕಿದವನು ಒಂದು ಗಂಟು ಎಳೆದ. ಗಂಡನ ಕರವಸ್ತ್ರ. ಬಳೆಗಳು ಸದ್ದು ಮಾಡಿದವು.

*

ಠಾಣೆಯಲ್ಲಿ ಗಂಡ ಮೊದಲು ಕೂಗಾಡಿದ. ಇನ್ಸ್‌ಪೆಕ್ಟರ್ ಅವನ ಸ್ವರ ಇಳಿಯುವವರೆಗೆ ಕಾದಳು.

"ಕರಕರಕ್ಕೆ ಅಂಗಡಿಗೆ ಓಡೋನು ಗುಡುಗೇ ಹೋದ್ರೂ ಸುಮ್ನಿದ್ದೀಯ. ಯಾಕೆ? ಗಂಟು ಇಟ್ಟಿದ್ದಕ್ಕೇ ಹೀಗಾಯ್ತು ಅಂತ ನೀನು ಅಂದ್ಕೊಂಡೆ. ಅಂಗಡಿಯವನು ಪೆಟ್ಟಿಗೆ ಬಿಚ್ತಾನೆ ಅಂತ ಹೆದರಿದೆ. ನಿಮ್ಮಮ್ಮನ ಕೊರಳಿಂದ ಕೀಲಿ ತೆಗೆದೆ. ಅವರು ನೋಡಿದ್ರು. ನರ್ಸ್ ಕದ್ದಿದ್ರೆ ಅವರು ನನ್ನ ಮುಖ ನೋಡ್ತಿದ್ರು. ಕಣ್ಣು ಮುಚ್ಚಿದ್ದು ಮಗನಿಗೋಸ್ಕರ."

ಅವನು ಕುರ್ಚಿಯಲ್ಲಿ ಕುಸಿದ. "ಮಾರೋಕಲ್ಲ ಮೇಡಂ. ಹೊಲಿಗೆ ಅಂಗಡಿ ಅಂತ ಇವಳು ಕುಣೀತಿದ್ಲು. ಆ ನರ್ಸ್ ಬೇರೆ ಕಿವಿ ಊದ್ತಿದ್ಲು. ಒಡವೆ ಹೋದ್ರೆ ಇಬ್ರೂ ತೆಪ್ಪಗಾಗ್ತಾರೆ ಅಂತ."

ಇನ್ಸ್‌ಪೆಕ್ಟರ್ ಸೊಸೆಯ ಕಡೆ ತಿರುಗಿದಳು. "ನರ್ಸ್ ಅವತ್ತು ಎಲ್ಲಿಗೆ ಹೋಗಿದ್ಲು ಅಂತ ನಿಮಗೆ ಗೊತ್ತಿತ್ತು."

"ಅಂಗಡಿ ಜಾಗ ನೋಡಕ್ಕೆ. ನಾನೇ ಕಳ್ಸಿದ್ದೆ." ಸೊಸೆ ಗಂಡನತ್ತ ಕೈ ತೋರಿಸಿದಳು. "ಇವರೆದುರು ಹೇಳಕ್ಕೆ ಬಾಯಿ ಬರ್ಲಿಲ್ಲ. ಅವಳೂ ಹೇಳ್ಲಿಲ್ಲ."

ಗಂಡ ತಟ್ಟನೆ ತಲೆ ಎತ್ತಿದ. "ಏ, ಎಲ್ಲೋ ಇಟ್ಟು ಮರೆತೆ ಅಂತ ಬರ್ಕೊಡು. ಒಡವೆ ಇವತ್ತೇ ನಿನ್ನ ಕೈಗೆ ಬರುತ್ತೆ. ಇಲ್ಲಾಂದ್ರೆ ಕೋರ್ಟಿಗೆ ಹೋಗುತ್ತೆ, ಅಂಗಡಿ ಮರೆತುಬಿಡು. ಕೇಳು ಇವರನ್ನ."

ಸೊಸೆ ಇನ್ಸ್‌ಪೆಕ್ಟರ್ ಮುಖ ನೋಡಿದಳು. ಅವನು ಹೇಳಿದ್ದು ಸುಳ್ಳು ಎನ್ನಲಿ ಎಂದು ಕಾದಳು. ಇನ್ಸ್‌ಪೆಕ್ಟರಿಗೆ ಹಾಗೆನ್ನಲು ಆಗಲಿಲ್ಲ.

"ಸಾಕ್ಷಿ ಅಲ್ವಾ, ಸೀಲ್ ಆಗುತ್ತೆ. ಯಾವಾಗ ಬಿಡಿಸ್ಕೊಡ್ತಾರೋ ನಾನು ಹೇಳಲಾರೆ."

"ಮರೆತೆ ಅಂತ ಬರೆದ್ರೆ ನರ್ಸ್‌ಗೆ ಏನಾಗುತ್ತೆ?"

"ಬಿಟ್ಟು ಕಳಿಸ್ತೀವಿ. ಆದ್ರೆ ಅನುಮಾನ ಅನ್ನೋದು ಅವಳ ಹಿಂದೇನೇ ಹೋಗುತ್ತೆ. ಇನ್ಯಾವ ಮನೇಲೂ ಕೆಲ್ಸ ಸಿಗಲ್ಲ."

ಸೊಸೆ ಬಳೆಯನ್ನು ಒಮ್ಮೆ ಮುಟ್ಟಿದಳು. ನಡೆದದ್ದನ್ನು ನಡೆದ ಹಾಗೆಯೇ ಹೇಳಿ ಸಹಿ ಹಾಕಿದಳು. ಕಾನ್‌ಸ್ಟೇಬಲ್ ಅರಗು ಕಾಯಿಸಿದಳು. ಒಡವೆಯ ಮೇಲೆ ಮುದ್ರೆ ಬಿತ್ತು.

*

ನರ್ಸ್ ಹೊರಬಂದು ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಸೊಸೆ ಹತ್ತಿರ ಹೋದಳು.

"ಮನೆಗೆ ಬಾ ಸಿಸ್ಟರ್. ನಂಗೊಬ್ಬಳಿಗೇ ಆಗ್ತಿಲ್ಲ."

"ಬರಲ್ಲ."

"ನಾನು ಅವತ್ತೇ ಬಾಯಿ ಬಿಡ್ಬೇಕಿತ್ತು."

"ಹೌದು, ಬಿಡ್ಬೇಕಿತ್ತು." ನರ್ಸ್ ಎರಡು ಮೆಟ್ಟಿಲು ಇಳಿದು ನಿಂತಳು. ತಿರುಗಲಿಲ್ಲ. "ಅಮ್ಮಂಗೆ ಗಂಜಿ ಹೇಗೆ ಕುಡಿಸ್ತಿದ್ದೀರಿ?"

"ಚಮಚದಲ್ಲಿ. ಎಲ್ಲ ಆಚೆ ಬರುತ್ತೆ. ಕೆಮ್ತಾರೆ."

"ಬಲಗಡೆಯಿಂದ ಕೊಡ್ಬೇಕು. ಎಡಗಡೆ ಅವರಿಗೆ ನುಂಗಕ್ಕಾಗಲ್ಲ. ಅರ್ಧ ಚಮಚ, ಗದ್ದ ಕೆಳಗೆ ಬಾಗಿಸಿ. ನುಂಗೋವರೆಗೂ ಕಾಯ್ಬೇಕು. ಅವಸರ ಮಾಡಿದ್ರೆ ನೆತ್ತಿಗೆ ಹತ್ತುತ್ತೆ."

"ಬಲಗಡೆ," ಎಂದಳು ಸೊಸೆ. "ಅರ್ಧ ಚಮಚ."

"ಗದ್ದ ಕೆಳಗೆ."

"ಗದ್ದ ಕೆಳಗೆ."

ನರ್ಸ್ ತಲೆಯಾಡಿಸಿ ಬೀದಿಗಿಳಿದಳು. ಸೊಸೆ ಪಾಠ ಒಪ್ಪಿಸುವ ಮಗುವಿನಂತೆ ಅದನ್ನೇ ಬಾಯಲ್ಲಿ ಹೇಳಿಕೊಳ್ಳುತ್ತ ಬಸ್ಸಿಗೆ ನಿಂತಳು.