ಹತ್ತು ಮಂಚದ ಗವರ್ನರ್

ಸೊಂಟಕ್ಕೆ ಹಗ್ಗ. ಕಾಲ ಬಳಿ ಪೆಟ್ರೋಲ್ ಕ್ಯಾನ್.

ಮಟಮಟ ಮಧ್ಯಾಹ್ನ. ಸಾನ್ ಪಾನ್ಫಿಲೊ ಊರಿನ ಚೌಕದಲ್ಲಿ ನನ್ನನ್ನು ಕಂಬಕ್ಕೆ ಬಿಗಿದಿದ್ದರು.

ತಪ್ಪು ನನ್ನದೇ. ಅವರ ಆಸ್ಪತ್ರೆಯ ಹತ್ತು ಮಂಚ, ಒಂದು ಎಕ್ಸ್-ರೇ ಯಂತ್ರ ಲಾರಿಗೆ ಹೇರಿಕೊಂಡು ಹೊರಟಿದ್ದೆ. ಹಿಂದಿನ ದಿನವಷ್ಟೇ ನಮ್ಮ ಗವರ್ನರ್ ಲೆಯೊಬಾರ್ದೊ ಉರ್ಕಿದಿ ಅಲ್ಲಿ ರಿಬ್ಬನ್ ಕತ್ತರಿಸಿದ್ದರು. ಇವತ್ತು ನಾಲ್ಕಕ್ಕೆ ಪಕ್ಕದ ಕಣಿವೆಯಲ್ಲಿ ಇನ್ನೊಂದು ಆಸ್ಪತ್ರೆ, ಇನ್ನೊಂದು ರಿಬ್ಬನ್. ಮಂಚ ಮಾತ್ರ ಅವೇ! ಆರು ಊರು ಸುತ್ತಿದ್ದವು... ಒಬ್ಬ ರೋಗಿಯೂ ಮಲಗಿರಲಿಲ್ಲ.

ಊರು ದಾಟುವ ಮೊದಲೇ ಮೂರು ಜೀಪು ಬೆನ್ನು ಹತ್ತಿದವು. ತಿರುವಿನಲ್ಲಿ ಪೈನ್ ಮರ ಉರುಳಿಸಿಟ್ಟಿದ್ದರು. ಬ್ರೇಕ್ ಒತ್ತಿದೆ.

ಅಷ್ಟೇ.

ಊರಿನ ಯಜಮಾನಿ ದೋನ್ಯಾ ದೊಮಿತಿಲಾ ಎದುರಿಗೆ ಕುರ್ಚಿ ಹಾಕಿಸಿಕೊಂಡು ಕೂತಳು. ಅವಳ ಮಗಳು ಹೆರಿಗೆಗೆಂದು ಪಟ್ಟಣಕ್ಕೆ ಹೋಗುವಾಗ, ನಾಲ್ಕು ತಾಸಿನ ಆ ದಾರಿಯಲ್ಲೇ ತೀರಿಕೊಂಡಿದ್ದಳು.

"ಗವರ್ನರ್ ಬಂದು ರುಜು ಹಾಕ್ಲಿ, ಮಂಚ ಇಲ್ಲೇ ಇರ್ತವೆ ಅಂತ. ಆಮೇಲೆ ನಿನ್ನ ಬಿಡ್ತೀವಿ, ದೋನ್ ಚೊನ್."

ನಮ್ಮ ಬೆಟ್ಟಗಳಲ್ಲಿ ಇದು ಮಾಮೂಲು. ಸರ್ಕಾರದ ಆಳನ್ನು ಹಿಡಿದಿಟ್ಟರೆ ಸರ್ಕಾರ ಬರುತ್ತದೆ. ಬರಬೇಕು...

ಬರುತ್ತಾರೆಂದು ನಾನೂ ನಂಬಿದ್ದೆ. ಇಪ್ಪತ್ತಾರು ವರ್ಷ! ಅವರು ಮೇಯರ್ ಆಗಿದ್ದಾಗ ಬಸ್ಸಿನಲ್ಲಿ ಜನ ತುಂಬಿ ತಂದು, ಕೈಗೊಂದು ರೊಟ್ಟಿ ಕೊಟ್ಟು ಚಪ್ಪಾಳೆ ಹೊಡೆಸಿದವನು ನಾನು. ಶಾಸಕರಾಗುವಾಗ ಎದುರಾಳಿಯ ಮೈಕಿನ ತಂತಿ ಕತ್ತರಿಸಿದವನು ನಾನು. ರಾಜಧಾನಿಯವರು ಗವರ್ನರ್‌ಗಿರಿಗೆ ಇವರತ್ತ ಬೆರಳು ತೋರಿಸಿದ ದಿನ ನನ್ನ ಹೆಗಲ ಮೇಲೆಯೇ ಅತ್ತಿದ್ದರು.

ಊರವರು ಫೋನಿನ ಸ್ಪೀಕರ್ ಹಾಕಿ ನನ್ನ ಮುಖದ ಬಳಿ ಹಿಡಿದರು. ಹನ್ನೊಂದನೇ ಸಲಕ್ಕೆ ಗವರ್ನರ್ ಎತ್ತಿದರು. ಎಲ್ಲ ಹೇಳಿದೆ. ಪೆಟ್ರೋಲ್ ವಿಷಯವನ್ನೂ.

"ಚೊನ್, ನಾನೀಗ ಗವರ್ನರ್ ಅಲ್ಲಪ್ಪ. ಬೆಳಿಗ್ಗೆ ರಾಜೀನಾಮೆ ಬರ್ಕೊಟ್ಟೆ. ಅಧ್ಯಕ್ಷರು ಮಂತ್ರಿ ಮಾಡಿದಾರೆ. ನಾಲ್ಕರ ಕಾರ್ಯಕ್ರಮ ಕ್ಯಾನ್ಸಲ್."

"ಯಾವ ಖಾತೆ, ಯಜಮಾನ್ರೆ?"

"ಆರೋಗ್ಯ."

ಫೋನ್ ಕಟ್ಟಾಯಿತು.

ಎಲ್ಲರಿಗೂ ಕೇಳಿಸಿತ್ತು. ಮೀಸೆಯವನೊಬ್ಬ ಕ್ಯಾನಿನ ಮುಚ್ಚಳ ತಿರುಗಿಸಿದ. ವಾರಸುದಾರರಿಲ್ಲದವನನ್ನು ಕಟ್ಟಿಟ್ಟು ಏನುಪಯೋಗ ಅಂದ.

"ಮಂಚಕ್ಕೂ ವಾರಸುದಾರರಿಲ್ಲ," ಅಂದೆ. "ಇಳಿಸ್ಕೊಳ್ಳಿ. ಕೇಳೋರ್ಯಾರು?"

ದೊಮಿತಿಲಾ ನನ್ನನ್ನೇ ನೋಡಿದಳು. ಕ್ಯಾನನ್ನು ಕಾಲಿನಿಂದ ಆಚೆ ತಳ್ಳಿದಳು. ಮಂಚಗಳು ಇಳಿದವು.

"ನಿನ್ನೆ ಬಿಳಿ ಕೋಟು ಹಾಕ್ಕೊಂಡಿದ್ನಲ್ಲ... ಆ ಡಾಕ್ಟರು ಯಾವಾಗ ಬರ್ತಾನೆ?"

ಸುಳ್ಳು ಹೇಳಿ ಹೇಳಿ ನನಗೂ ಸಾಕಾಗಿತ್ತು.

"ಅವನು ನನ್ನ ಭಾವಮೈದ. ಟ್ಯಾಕ್ಸಿ ಓಡಿಸ್ತಾನೆ."

ದೊಮಿತಿಲಾ ನನ್ನ ಹಗ್ಗ ಬಿಚ್ಚಿಸಿದಳು.

"ಹಾಗಾದ್ರೆ ಡಾಕ್ಟರು ಬರೋತನಕ ನೀನೂ ಇಲ್ಲೇ ಇರು."

ಇದು ಐದನೇ ತಿಂಗಳು. ಶಾಲೆಯ ಮೇಷ್ಟ್ರ ಕೈಯಲ್ಲಿ ಮಂತ್ರಿಗಳಿಗೆ ಹದಿನಾಲ್ಕು ಪತ್ರ ಬರೆಸಿದೆ. ಉತ್ತರವಿಲ್ಲ. ಈ ಆಸ್ಪತ್ರೆಗೆ ಈಗ ಇರುವುದು ಒಬ್ಬನೇ ಸಿಬ್ಬಂದಿ.

ಸ್ವಲ್ಪ ಕಾಲು ಮೇಲೆತ್ತಿ, ಸ್ವಾಮಿ... ನೆಲ ಒರೆಸಬೇಕು.