ವಾಪಸಾದ ಪೇಪರ್

ಮೊದಲ ಸಲ ಮೆಸೇಜ್ ಮಾಡಿದಾಗ ಕುನಾಲ, ರತ್ನಮಾಲಾಳನ್ನು ನಿವೃತ್ತಿಗೆ ಬಂದ ಹಿರಿಯ ಹೆಂಗಸು ಎಂದುಕೊಂಡಿದ್ದ.

‘ಆಯಿ, ನಮಸ್ಕಾರ್ರಿ. ದಿನಾ ಇಷ್ಟೆಲ್ಲಾ ಓದಾಕತ್ತೀರಿ. ಈ ವಯಸ್ಸಿನಾಗ ಕಣ್ಣಿನ ಕಾಳಜಿ ಮಾಡ್ಕೋರಿ.’

ತಪ್ಪು ಅವನೊಬ್ಬನದೇ ಅಲ್ಲ. ಅವಳ ವಾಟ್ಸ್‌ಆ್ಯಪ್ ಚಿತ್ರದಲ್ಲಿ ಹಳೆಯ ಪುಸ್ತಕದ ಕಪಾಟು ಇತ್ತು, ಬರವಣಿಗೆಯಲ್ಲಿ ನಗು ಇರಲಿಲ್ಲ. ಅವಳು ತಿದ್ದಲೂ ಹೋಗಲಿಲ್ಲ. ‘ಆಶೀರ್ವಾದ’ ಎಂದು ಉತ್ತರಿಸಿದಳು. ಕೆಲ ದಿನಗಳ ನಂತರ ಏನನ್ನೋ ಕೇಳಲು ಫೋನ್ ಮಾಡಿದವನು ಆ ಎಳೆಯ ದನಿಗೆ ತಡವರಿಸಿದ.

“ಆಯಿ ಇಲ್ಲೇನ್ರಿ ಮನ್ಯಾಗ?”

“ಆಯಿನೇ ಮಾತಾಡಾಕತ್ತೇನಿ. ಕಣ್ಣು ಇನ್ನೂ ಚಲೋ ಅದಾವ್ರಿ.”

ಕೊರೊನಾದ ಎರಡನೇ ಅಲೆಯ ಬೇಸಿಗೆ ಅದು. ಕುನಾಲ ಬಸವಕಲ್ಯಾಣದ ಒಂದು ಆಸ್ಪತ್ರೆಯಲ್ಲಿ ಕೋವಿಡ್ ವಾರ್ಡಿನ ವೈದ್ಯ. ರತ್ನಮಾಲಾ ಮೆಡಿಕಲ್ ಕಾಲೇಜೊಂದರ ಗ್ರಂಥಪಾಲಕಿ. ಲಾಕ್‌ಡೌನ್ ಆದ್ದರಿಂದ ಹುಮನಾಬಾದಿನ ಮನೆಯಿಂದಲೇ ಕೆಲಸ. ಜಗತ್ತಿನಲ್ಲಿ ಈ ರೋಗದ ಬಗ್ಗೆ ಹೊಸದಾಗಿ ಬಂದ ಸಂಶೋಧನಾ ಪೇಪರ್‌ಗಳನ್ನು ಬೆಳಿಗ್ಗೆ ಹುಡುಕಿ, ಸಾರಾಂಶ ಬರೆದು, ಸುತ್ತಲಿನ ತಾಲೂಕುಗಳ ವೈದ್ಯರ ಗ್ರೂಪಿಗೆ ಹಾಕುತ್ತಿದ್ದಳು. ಬೇರೆ ತಜ್ಞರು ಪರಿಶೀಲಿಸಿ ಒಪ್ಪಿದ ಪೇಪರ್‌ಗೆ ‘ಪಕ್ಕಾ’ ಎಂಬ ಗುರುತು. ಪರಿಶೀಲನೆಗೆ ಮೊದಲೇ ನೆಟ್‌ಗೆ ಏರಿದ್ದಕ್ಕೆ ‘ಕಚ್ಚಾ’. ಬರೆದವರೇ ಹಿಂತೆಗೆದುಕೊಂಡರೆ ‘ವಾಪಸ್’. ವಾಪಸ್ ಸುದ್ದಿ ಹೋದಾಗ ಪ್ರತಿಯೊಬ್ಬ ವೈದ್ಯನೂ ‘ಓದಿದೆ’ ಎಂದು ಬರೆಯಬೇಕು. ಬರೆಯದವರಿಗೆ ಅವಳ ಫೋನ್ ತಪ್ಪುತ್ತಿರಲಿಲ್ಲ.

ಕುನಾಲ ಬೇಕೆಂದೇ ಬರೆಯುತ್ತಿರಲಿಲ್ಲ.

“ಡಾಕ್ಟರೇ, ಎಲ್ಲಾರೂ ಬರದಾರ. ನೀವೊಬ್ರೇ ಬಾಕಿ.”

“ಬರದ್ರ ನೀವು ಫೋನ್ ಮಾಡ್ತೀರೇನ್ರಿ?”

ಮೇ ತಿಂಗಳಲ್ಲಿ ಈ ಆಟ ನಿಂತಿತು. ಅವನ ತಾಯಿ ಅಂಬುಬಾಯಿ ಅವನ ವಾರ್ಡಿಗೇ ರೋಗಿಯಾಗಿ ಬಂದಳು. ಆಮ್ಲಜನಕ ಹಚ್ಚಿದರೂ ಉಸಿರು ಸುಧಾರಿಸಲಿಲ್ಲ.

“ಹಳೇ ಗುಳಿಗಿ ಒಂದನ್ನ ಡಬಲ್ ಡೋಸ್ ಕೊಟ್ರ ಉಪಯೋಗ ಆಗ್ತದಂತ,” ಫೋನಿನಲ್ಲಿ ಅವನ ದನಿ ಒಡೆದಿತ್ತು. “ಆ ಪೇಪರ್ ಬೇಕಿತ್ರಿ. ಈಗೇ.”

ಅವಳು ಗ್ರೂಪಿಗೆ ಹಾಕಲು ಯೋಗ್ಯವಲ್ಲವೆಂದು ಬದಿಗಿಟ್ಟಿದ್ದ ಪೇಪರ್ ಅದು. ಲೈಬ್ರರಿಯ ಮೂಲಕ ಕೊಡಬೇಕಾದರೆ ಮುಖ್ಯಸ್ಥರು ನೋಡಬೇಕು, ತಡವಾಗುತ್ತದೆ. ‘ಕಚ್ಚಾ ಅದ, ಹುಷಾರ್’ ಎಂದು ಬರೆದು ತನ್ನ ಫೋನಿನಿಂದ ಅವನೊಬ್ಬನಿಗೇ ಕಳಿಸಿದಳು.

ಮರುದಿನ ಬೆಳಿಗ್ಗೆ ಹುಡುಕಾಟಕ್ಕೆ ಕೂತಾಗ ಅದೇ ಪೇಪರಿನ ಮೇಲೆ ಕೆಂಪು ಅಕ್ಷರ ಕಂಡಿತು. ವಾಪಸ್. ಅಂಕಿಸಂಖ್ಯೆಗಳು ತಾಳೆಯಾಗಿರಲಿಲ್ಲ, ಆ ಪ್ರಮಾಣದಲ್ಲಿ ಗುಳಿಗೆ ತೆಗೆದುಕೊಂಡ ಕೆಲವರ ಹೃದಯ ಬಡಿತ ಏರುಪೇರಾಗಿತ್ತು.

ಲೈಬ್ರರಿ ಕಳಿಸದ ಪೇಪರ್‌ಗೆ ಲೈಬ್ರರಿಯಿಂದ ವಾಪಸ್ ಸುದ್ದಿಯೂ ಹೋಗದು. ಅದು ಅವನ ಕೈಯಲ್ಲಿದೆ ಎಂದು ಗೊತ್ತಿದ್ದವಳು ಅವಳೊಬ್ಬಳೇ. ಫೋನ್ ಮಾಡಿದಳು. ಸ್ವಿಚ್ ಆಫ್. ಆಸ್ಪತ್ರೆಯ ಫೋನ್ ಬಡಿದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

ಪಕ್ಕದ ಮನೆಯ ಫಿರೋಜ್ ಆಮ್ಲಜನಕದ ಸಿಲಿಂಡರ್ ಹೇರಿದ ಟೆಂಪೊ ಹತ್ತುತ್ತಿದ್ದ. ಅವನು ಹೊರಟದ್ದು ಅದೇ ಆಸ್ಪತ್ರೆಗೆ.

“ಫಿರೋಜ್‌ಭಾಯಿ, ನಾನೂ ಬರ್ತೀನ್ರಿ.”

“ಅಲ್ಲಿಂದ ಜನ ಓಡಿ ಬರಾಕತ್ತಾರ, ನೀ ಅಲ್ಲಿಗೇ ಹೊಂಟೀ ಏನ್ ತಂಗಿ?”

“ಡಾಕ್ಟರಿಗೆ ಒಂದು ಮಾತು ಮುಟ್ಟಿಸಬೇಕ್ರಿ. ಫೋನ್ ಹತ್ತವಲ್ದು.”

ಅವನು ಅವಳ ಮುಖ ನೋಡಿದ. ಪಕ್ಕದ ಬಾಗಿಲು ತೆರೆದ.

ಹೆದ್ದಾರಿ ಖಾಲಿ ಇತ್ತು. ಹಿಂದೆ ಸಿಲಿಂಡರ್‌ಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದಾಗಲೆಲ್ಲ ಅವಳು ಮತ್ತೆ ಅವನ ನಂಬರ್ ಒತ್ತುತ್ತಿದ್ದಳು. ಕೊಟ್ಟುಬಿಟ್ಟಿದ್ದರೆ? ನಾನು ಕಳಿಸಿದ್ದು ಎಂದೇ ನಂಬಿ ಕೊಟ್ಟಿದ್ದರೆ?

ನರ್ಸ್ ಜೈನಬಿ ಒಳಗೆ ಹೋಗಿ ಹೇಳಿದ ಮೇಲೆ ಆಸ್ಪತ್ರೆಯ ಗೇಟಿಗೆ ಬಂದ ಕುನಾಲನ ಮೈಯೆಲ್ಲ ಬಿಳಿ ಪಿಪಿಇ ಕಿಟ್ ಮುಚ್ಚಿತ್ತು. ಕನ್ನಡಕದೊಳಗೆ ಕಂಡದ್ದು ನಿದ್ದೆಗೆಟ್ಟ ಎರಡು ಕಣ್ಣು. ಮಾಸ್ಕಿನ ಮೇಲೆ ಅವಳಿಗೂ ಇದ್ದದ್ದು ಅಷ್ಟೇ.

“ಆಯಿ?” ಎಂದ ಮೆಲ್ಲಗೆ.

“ಗುಳಿಗಿ ಕೊಟ್ರೇನ್ರಿ?”

“ಮುಂಜಾನೆ ಒಂದು ಕೊಟ್ಟೇನಿ. ಇನ್ನೊಂದು ಈಗ ಕೊಡಾಕ ಹೊಂಟಿದ್ದೆ.”

“ಕೊಡಬ್ಯಾಡ್ರಿ. ಪೇಪರ್ ವಾಪಸ್ ಆಗ್ಯದ. ಹಾರ್ಟಿಗೆ ತ್ರಾಸ್ ಅದ.”

ಆ ಕಣ್ಣುಗಳು ಅಗಲವಾದವು. ಅವನು ಒಳಗೆ ಓಡಿದ.

ಅವಳು ಬೇವಿನ ನೆರಳಿನಲ್ಲಿ ನಿಂತಳು. ಎದುರಿನ ಆಂಬುಲೆನ್ಸ್‌ನಿಂದ ಯಾರನ್ನೋ ಇಳಿಸಿದರು, ಇನ್ಯಾರನ್ನೋ ಮುಖ ಮುಚ್ಚಿ ಹೇರಿದರು. ಅದು ಅಂಬುಬಾಯಿ ಅಲ್ಲವೆಂದು ಆಂಬುಲೆನ್ಸ್ ಚಾಲಕ ಹೇಳುವವರೆಗೆ ಅವಳು ಅತ್ತಲಿಂದ ಕಣ್ಣು ತೆಗೆಯಲಿಲ್ಲ. ಫಿರೋಜ್ ಖಾಲಿ ಸಿಲಿಂಡರ್ ಹೇರಿ ಮುಗಿಸಿದ ಮೇಲೂ ಹಾರ್ನ್ ಹೊಡೆಯದೆ ಕಾದ.

ಕೊನೆಗೆ ಕುನಾಲ ಹೊರಬಂದು ದೂರದಲ್ಲೇ ನಿಂತ.

“ಇಸಿಜಿ ತೆಗದೆ. ಬಡಿತ ಸರಿ ಅದ. ಸಂಜೀಕ ಮತ್ತ ನೋಡ್ತೀನಿ. ಉಸಿರಿನ ತ್ರಾಸ್ ಹಂಗೇ ಅದ.”

“ನಂದೇ ತಪ್ಪು. ಲೈಬ್ರರಿಯಿಂದ ಕಳಿಸಿದ್ರ ಸರ್ ತಡೀತಿದ್ರು.”

“ಮತ್ಯಾಕ ಕಳಿಸಿದ್ರಿ?”

ಅವಳು ನೆಲ ನೋಡಿದಳು, ಮತ್ತೆ ಅವನ ಕಣ್ಣು ನೋಡಿದಳು.

“ಕೇಳಿದವ್ರು ನೀವಂತ.”

ಇಬ್ಬರ ನಡುವಿನ ಬಿಸಿಲಿನಲ್ಲಿ ಯಾರೂ ಕಾಲಿಡಲಿಲ್ಲ. ಆ ಕನ್ನಡಕದೊಳಗೆ ಮಂಜು ಕಟ್ಟಿತು. ಒರೆಸಿಕೊಳ್ಳಲು ಅವನು ಕೈ ಎತ್ತುವಂತಿರಲಿಲ್ಲ.

“ನಾಳೆಯಿಂದ ಪೇಪರ್ ಎಲ್ಲಾ ಗ್ರೂಪಿನಾಗೇ ಕಳಿಸ್ರಿ,” ಎಂದ.

“ಕಳಿಸ್ತೀನಿ.”

“ಉಳಿದದ್ದು ನನಗೊಬ್ಬನಿಗೇ ಕಳಿಸ್ರಿ.”

ಮರುದಿನ ಅವಳು ಮುಖ್ಯಸ್ಥರಿಗೆ ನಡೆದದ್ದನ್ನು ತಿಳಿಸಿ, ಬೈಸಿಕೊಂಡು, ವಾಪಸ್ ಸುದ್ದಿಯನ್ನು ಗ್ರೂಪಿಗೆ ಹಾಕಿದಳು. ಎಲ್ಲರಿಗಿಂತ ಮೊದಲು ಉತ್ತರಿಸಿದವನು ಕುನಾಲ: ‘ಓದಿದೆ.’

ಅವಳು ನೋಡುತ್ತಿದ್ದಂತೆಯೇ ಅವಳೊಬ್ಬಳಿಗೆ ಇನ್ನೊಂದು ಮೆಸೇಜ್ ಬಂತು. ‘ಇಸಿಜಿ ಇವತ್ತೂ ಸರಿ ಅದ. ಆಕ್ಸಿಜನ್ ಇನ್ನೂ ನಡದದ. ನಿನ್ನೆ ಗೇಟಿನಾಗ ನಿಂತಾಕಿ ಯಾರು ಅಂತ ಅವ್ವ ಕೇಳಾಕತ್ತಾಳ. ನರ್ಸ್ ಜೈನಬಿ ಚಾಡಿ ಹೇಳ್ಯಾಳ. ಏನ್ ಹೇಳ್ಲಿ?’

ಲೈಬ್ರರಿ ಆಯಿ ಅಂತ ಹೇಳ್ರಿ ಎಂದು ಬರೆದಳು. ಅಳಿಸಿದಳು. ಭಯ ಇನ್ನೂ ಎದೆಯಲ್ಲೇ ಇತ್ತು. ಸಂಜೆ ಏನಾದೀತೋ ಯಾರಿಗೂ ಗೊತ್ತಿರಲಿಲ್ಲ.

‘ಖರೇನೇ ಹೇಳ್ರಿ. ನಿಮ್ಮಾಕಿ ಅಂತ. ಈಗೇ ಹೇಳ್ರಿ,’ ಎಂದು ಬರೆದು ಕಳಿಸಿದಳು.