ಇಪ್ಪತ್ತೊಂದು ಸಲ ಬಾಗಿದ ತಲೆ

"ಯಾರೂ ಚಪ್ಪಾಳೆ ತಟ್ಟಬೇಡಿ!" ಎಂದು ಸೊಸೆ ಕೂಗಿದ ರಭಸಕ್ಕೆ ಮನೆಯಲ್ಲಿದ್ದವರೆಲ್ಲ ಬೆಚ್ಚಿಬಿದ್ದರು. ಆಗತಾನೇ ನಿದ್ದೆಯಿಂದೆದ್ದ ಎಂಟು ತಿಂಗಳ ಮಗು ದಿಂಬುಗಳ ನಡುವೆ ಒರಗಿ, ಎರಡೂ ತೋಳುಗಳನ್ನು ಮುಂದೆ ಚಾಚಿ, ದೇವರ ಪಟದ ಕಡೆಗೆ ತಲೆ ಬಾಗಿಸುತ್ತಿತ್ತು. ಬಾಗುವುದು, ಏಳುವುದು, ಮತ್ತೆ ಬಾಗುವುದು. ಅದನ್ನು ನೋಡಲೆಂದೇ ಪಕ್ಕದ ಮನೆಯ ಹೆಂಗಸರಿಬ್ಬರು ಬಂದಿದ್ದರು.

"ಏನಮ್ಮಾ ಇದು? ಮಗು ಹೆದರಿಕೊಳ್ಳಲ್ವಾ?" ಎಂದು ಮಾವ ಗದರಿದರು.

"ಅವನು ಹೆದರಿಕೊಂಡ್ರೆ ಹಬ್ಬ ಮಾಡ್ತೀನಿ ಮಾವ! ಇಷ್ಟು ಜೋರಾಗಿ ಕೂಗಿದೆ... ತಿರುಗಿ ನೋಡಿದ್ನಾ?"

ಮುದುಕರು ಮಗುವಿನ ಕಡೆಗೆ ತಿರುಗಿ ಎಣಿಕೆ ಮುಂದುವರಿಸಿದರು. ನಲವತ್ತು ವರ್ಷ ಬೀದಿಗೆ ತೆರೆದ ಕೋಣೆಯಲ್ಲಿ ಕುಳಿತು, ಒಂದು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಜನರ ಗಡಿಯಾರ ರಿಪೇರಿ ಮಾಡಿದವರು ಅವರು. ಮಗು ಹುಟ್ಟುವ ಮೂರು ತಿಂಗಳ ಮುಂಚೆ ಅವರ ಹೆಂಡತಿ ತೀರಿಕೊಂಡಿದ್ದರು. ದೇವರ ಮುಂದೆ ತಲೆ ಬಾಗಿಸದೆ ಒಂದು ಲೋಟ ನೀರನ್ನೂ ಕುಡಿಯದ ಹೆಂಗಸು. ಆದ್ದರಿಂದ ಐದನೆಯ ತಿಂಗಳಲ್ಲಿ ಮಗು ಮೊದಲ ಸಲ ಹಾಗೆ ಬಾಗಿದಾಗ ಮುದುಕರ ಕಣ್ಣು ತುಂಬಿ ಬಂದಿತ್ತು. "ಅವಳ ಭಕ್ತಿಯೇ ಇವನಲ್ಲಿ ಬಂದಿದೆ!" ಎಂದು ಮಗುವಿಗೆ 'ಪುಟ್ಟ ಭಕ್ತ' ಎಂದೇ ಹೆಸರಿಟ್ಟರು. ಬೆಳಿಗ್ಗೆ ಕೆಲಸ ಬಿಟ್ಟೆದ್ದು ಬಂದು ಅದರ ನಮಸ್ಕಾರಗಳನ್ನು ಎಣಿಸುವುದೇ ಅವರ ದೊಡ್ಡ ಸುಖವಾಯಿತು.

ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯಲ್ಲಿ ದಿನವೆಲ್ಲ ನಿಂತು ದುಡಿಯುವ ಸೊಸೆಯ ಕಣ್ಣಿಗೆ ಬಿದ್ದದ್ದು ಬೇರೆಯೇ. ನಾಲ್ಕನೆಯ ತಿಂಗಳಲ್ಲಿ ಅವಳು ಬಾಗಿಲಿಗೆ ಬಂದರೆ ಸಾಕು, ಕೇಕೆ ಹಾಕಿ ನಗುತ್ತಿದ್ದ ಮಗು. ಜಡೆ ಹಿಡಿದರೆ ಬಿಡದ ಮಗು. ಈಗ ಅದರ ನೋಟ ಅವಳನ್ನು ದಾಟಿ ಗೋಡೆಗೆ ಹೋಗುತ್ತಿತ್ತು. ಡಾಕ್ಟರಿಗೆ ತೋರಿಸೋಣ ಎಂದಾಗಲೆಲ್ಲ ಮಾವ ನಗುತ್ತಿದ್ದರು. "ನಿನ್ನ ಗಂಡ ಎರಡು ವರ್ಷ ಬಾಯೇ ಬಿಟ್ಟಿರಲಿಲ್ಲ. ಈಗ ಬಾಯಿ ಮುಚ್ಚು ಅಂದ್ರೂ ಮುಚ್ಚಲ್ಲ!" ಅವಳು ಹಠ ಹಿಡಿದರೆ ಮಾತು ಮುಳ್ಳಾಗುತ್ತಿತ್ತು: "ಹೆತ್ತ ಮಗುವಿಗೇ ರೋಗ ಹುಡುಕ್ತೀಯಲ್ಲಾ, ನೀನೆಂಥ ತಾಯಿ!" ಗಂಡ ತಲೆ ತಗ್ಗಿಸಿ ಕೆಲಸಕ್ಕೆ ಹೊರಟುಬಿಡುತ್ತಿದ್ದ.

ಆ ದಿನ ಅವಳು ಯಾರನ್ನೂ ಕೇಳಲಿಲ್ಲ. ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದಳು. ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬರುತ್ತೇನೆ ಎಂದು ಮುದುಕರೂ ಹಿಂದೆಯೇ ನಡೆದರು.

ಡಾಕ್ಟರಮ್ಮನ ಮುಂದೆಯೂ ಮಗು ಬಾಗಿತು. ಆಕೆ ನಗಲಿಲ್ಲ; ಕೈಗಡಿಯಾರ ನೋಡಿದರು.

"ಯಾವಾಗಿಂದ ಹೀಗೆ?"

"ಐದನೇ ತಿಂಗಳಿಂದ ತಾಯಿ. ಮೊದಲು ಹನ್ನೆರಡು ಸಲ ಬಾಗ್ತಿದ್ದ, ಇವತ್ತು ಇಪ್ಪತ್ತೊಂದು! ನಡುವೆ ಏಳೇಳು ಸೆಕೆಂಡು... ಒಂದು ಸಲಾನೂ ಹೆಚ್ಚು ಕಡಿಮೆ..."

ಮುದುಕರ ನಾಲಿಗೆ ಅಲ್ಲಿಗೇ ನಿಂತುಹೋಯಿತು. ಅಷ್ಟು ಲೆಕ್ಕಕ್ಕೆ ಸರಿಯಾಗಿ ಅಲುಗುವುದು ಯಂತ್ರ, ಮಗುವಲ್ಲ. ಅದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು!

ತಲೆಗೆ ತಂತಿ ಅಂಟಿಸಿ ಪರೀಕ್ಷೆ ಮಾಡಿದ ಮೇಲೆ ಡಾಕ್ಟರಮ್ಮ ಮೆಲ್ಲಗೆ ಹೇಳಿದರು: "ಇದು ನಮಸ್ಕಾರ ಅಲ್ಲ ಅಜ್ಜ, ಫಿಟ್ಸ್. ಔಷಧಿ ಕೊಟ್ಟು ನಿಲ್ಲಿಸೋಕೆ ನೋಡೋಣ. ಆದ್ರೆ ಮೂರು ತಿಂಗಳು ಹೋಗಿಬಿಟ್ಟಿದೆ. ಮಿದುಳಿಗೆ ತುಂಬ ಪೆಟ್ಟು ಬಿದ್ದಿದೆ..."

"ನಗು?" ಎಂದಳು ಸೊಸೆ. "ನಗು ವಾಪಸ್ ಬರುತ್ತಾ ಡಾಕ್ಟ್ರೇ?"

ಡಾಕ್ಟರಮ್ಮ ಮಗುವಿನ ಪಾದ ಸವರಿದರು.

ಇಂಜೆಕ್ಷನ್‌ಗಳಾದ ಮೇಲೆ ಬಾಗುವುದು ನಿಂತಿತು. ನಗು ಬರಲಿಲ್ಲ. ಒಂದು ಸಂಜೆ ಮಗುವಿನ ಬಟ್ಟೆ ಮಡಿಸುತ್ತಿದ್ದ ಸೊಸೆಯ ಮುಂದೆ ಮುದುಕರು ಬಂದು ನಿಂತರು. "ನೀನು ಬಡ್ಕೊಂಡೆ... ನಾನು ಎಣಿಸ್ತಾ ಕೂತೆ! ನನ್ನನ್ನ ಕ್ಷಮಿಸು ತಾಯಿ..." ಎನ್ನುತ್ತ ಅವಳ ಕಾಲಿಗೆ ಬಾಗಿದರು.

ಅವಳು ಚೀರಿ ಹಿಂದೆ ಸರಿದಳು. "ಬೇಡ ಮಾವ! ನಿಮ್ಮನ್ನ ಬಯ್ಯೋಕೂ ನನ್ನಲ್ಲಿ ಶಕ್ತಿ ಇಲ್ಲ. ಆದ್ರೆ ಈ ಮನೇಲಿ ಇನ್ನು ಯಾರೂ ತಲೆ ಬಗ್ಗಿಸ್ಬೇಡಿ... ನಂಗೆ ನೋಡೋಕಾಗಲ್ಲ!"

ಮರುದಿನ ಬೆಳಿಗ್ಗೆ ಮುದುಕರು ಎಂದಿನಂತೆ ದೇವರ ಪಟದ ಮುಂದೆ ಬಂದರು. ಹಿಂದೆ ಸೊಸೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಮಗು ಗೋಡೆ ನೋಡುತ್ತಿತ್ತು. ಅರವತ್ತು ವರ್ಷಗಳ ಅಭ್ಯಾಸಕ್ಕೆ ಕತ್ತು ತಾನಾಗಿಯೇ ಬಾಗತೊಡಗಿತು. ಅವರು ಅದನ್ನು ಬಿಗಿಹಿಡಿದರು. ನೆಟ್ಟಗೆ ನಿಂತೇ ತಮ್ಮ ದೇವರನ್ನು ನೋಡಿದರು. ಕಣ್ಣೀರು ಮಾತ್ರ ಕೆಳಗಿಳಿಯಿತು.